ವೈಟ್‌ಫೀಲ್ಡಿನ ಎರಡು ಓಣಿಗಳು

ನಮ್ಮ ರಾಯಚೂರು ಸೀಮೆಯ ಬಿಸಿಲನ್ನು ಕುರಿತು ವಾಚಕರಿಗೆ ಬಹಳವಾಗಿ ವರ್ಣಿಸಬೇಕಾದುದಿಲ್ಲ. ಏಪ್ರಿಲ್ ತಿಂಗಳು ಬಂತೆಂದರೆ ಉಷ್ಣಮಾಪಕವು 40 ಡಿಗ್ರಿಯನ್ನು ದಾಟುವುದು. ಮಧ್ಯಾಹ್ನದಲ್ಲಿ ನಾಯಿಗಳು ಕೂಡ ಚರಂಡಿಯ ತಂಪನ್ನು ಬಿಟ್ಟೇಳವು. ನಮ್ಮ ಹಿರಿಯರು ಈ ಬಿಸಿಲನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆದುದರಿಂದಲೇ ಎರಡು ಮೊಳ ದಪ್ಪದ ಗೋಡೆಯನ್ನೆಬ್ಬಿಸಿ, ಮಣ್ಣಿನ ಮಾಳಿಗೆಯನ್ನು ಹಾಕಿ, ನಡುವೆ ಒಂದು ಬೆಳಕಿಂಡಿಯನ್ನು ಬಿಟ್ಟು ಮನೆ ಕಟ್ಟಿದರು. ಒಲೆಯ ಹೊಗೆಯೂ ಬಿಸಿಯೂ ಮೇಲೆದ್ದು ಆ ಬೆಳಕಿಂಡಿಯಿಂದ ಹೊರಬೀಳುವುವು. ಬಾಗಿಲಿನ ಕೆಳಗಿನಿಂದ ಹೊಸ ಗಾಳಿ ಒಳಗೆ ಬರುವುದು. ಇಂತಹ ಮನೆಯಲ್ಲಿ ಹುಟ್ಟಿ ಅರುವತ್ತು ಬೇಸಿಗೆಗಳನ್ನು ಕಳೆದಿದ್ದರೂ ನಾನು ಒಂದು ಅವಿವೇಕವನ್ನು ಮಾಡಿದೆನು. ಅದರ ಪರಿಹಾರವನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಿಬಂದ ವೃತ್ತಾಂತವನ್ನು ಇಲ್ಲಿ ಬರೆಯುತ್ತೇನೆ.

ನಮ್ಮೂರಿನ ಒಂದು ಪತ್ತಿನ ಸಂಘದಲ್ಲಿ ನಾನು ಆಡಳಿತ ಮಂಡಲಿಯ ಸದಸ್ಯನು. ಸಂಘದ ಹೆಸರು ಇಲ್ಲಿ ಬೇಡ. ಹಿಂದೆ ಕೆಂಪು ಬಟ್ಟೆಯ ಖಾತೆ ಪುಸ್ತಕಗಳಲ್ಲಿ ಇರುತ್ತಿದ್ದ ಲೆಕ್ಕವೆಲ್ಲವೂ ಈಗ ಕಂಪ್ಯೂಟರಿನಲ್ಲಿದೆ. ಆ ಯಂತ್ರಗಳನ್ನು ಆಳೆತ್ತರದ ಒಂದು ಕಬ್ಬಿಣದ ಬೀರುವಿನಲ್ಲಿ ಅಂತಸ್ತು ಅಂತಸ್ತಾಗಿ ಕೂಡಿಸಿದ್ದಾರೆ. ಅದಕ್ಕೆ ರ‍್ಯಾಕ್ ಎಂದು ಹೆಸರು. ಅದು ಬಂದ ದಿನ ಎಲ್ಲಿಡಬೇಕೆಂಬ ಪ್ರಶ್ನೆಯೆದ್ದಿತು. ಹಳೆಯ ತಿಜೋರಿಯಿದ್ದ ಗೋಡೆಯ ಗೂಡು ಖಾಲಿಯಾಗಿತ್ತು. "ಅಲ್ಲಿಯೇ ಇರಿಸಿರಿ, ಭದ್ರವಾಗಿರುತ್ತದೆ" ಎಂದು ಹೇಳಿದವನು ನಾನೇ. ಮುಂದುಗಡೆ ಗಾಜಿನ ಬಾಗಿಲು, ಅದಕ್ಕೆ ಬೀಗ. ಧೂಳು ಬೀಳದಿರಲೆಂದು ನಮ್ಮ ಮನೆಯಾಕೆಯಿಂದ ದಪ್ಪ ಬಟ್ಟೆಯ ಒಂದು ಗವುಸನ್ನು ಹೊಲಿಸಿ ತಂದು ಹೊದಿಸಿದವನೂ ನಾನೇ. ಎದುರಿನ ಗೋಡೆಯಲ್ಲಿ ಎ.ಸಿ. ಇತ್ತು. ಇನ್ನೇನು ಬೇಕು?

2024ರ ಏಪ್ರಿಲ್‌ನಲ್ಲಿ ಒಂದೇ ವಾರದಲ್ಲಿ ಮೂರು ದಿನ, ಮಧ್ಯಾಹ್ನದ ಹೊತ್ತಿಗೆ, ಯಂತ್ರಗಳು ತಾವಾಗಿಯೇ ನಿಂತುಹೋದುವು. ಬೆಳೆಸಾಲವನ್ನು ಅವಧಿಯೊಳಗೆ ಕಟ್ಟಿದವರಿಗೆ ಬಡ್ಡಿಯಲ್ಲಿ ರಿಯಾಯಿತಿಯುಂಟು. ಹೀಗಾಗಿ ಹಳ್ಳಿಗಳಿಂದ ಜನರು ಹಣವನ್ನು ಹಿಡಿದು ಬಂದಿದ್ದರು. ಒಬ್ಬ ಮುದುಕಿ ಸೆರಗಿನಲ್ಲಿ ನೋಟುಗಳನ್ನು ಗಂಟುಹಾಕಿಕೊಂಡು ಬೆಳಗಿನಿಂದ ಬೇವಿನ ಮರದ ಕೆಳಗೆ ಕುಳಿತಿದ್ದು, ಸಂಜೆ ಕಡೆಯ ಬಸ್ಸಿಗೆ ಅದೇ ಗಂಟನ್ನು ಮರಳಿ ಒಯ್ದುದನ್ನು ನಾನು ಕಣ್ಣಾರೆ ಕಂಡೆ. ಮಂಡಲಿಯ ಸಭೆ ಸೇರಿತು. ಯಂತ್ರಗಳ ಉಸ್ತುವಾರಿಗೆಂದು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೆವು. ಬಡವರ ಮನೆಯ ಮಗ, ಕೆಲಸಕ್ಕೆ ಬಂದು ಒಂದು ವರ್ಷವಾಗಿತ್ತು. ಅವನ ಅಲಕ್ಷ್ಯವೇ ಕಾರಣವೆಂದು ತೀರ್ಮಾನವಾಯಿತು. ಅರ್ಧ ಸಂಬಳವನ್ನು ತಡೆಹಿಡಿಯತಕ್ಕದ್ದು, ಇನ್ನೊಮ್ಮೆ ಹೀಗಾದರೆ ಮನೆಗೆ ಕಳುಹಿಸತಕ್ಕದ್ದು ಎಂದು ಬರೆದರು. ಇನ್ನೊಂದು ಎ.ಸಿ.ಯನ್ನು ಕೊಳ್ಳುವುದೆಂದೂ ಬರೆದರು. ಹುಡುಗನು ಕೈಕಟ್ಟಿ ನಿಂತು, "ಯಜಮಾನ್ರ, ಅದಕ್ಕ ಉಸಿರು ಕಟ್ಟೇತಿ ಅನಸ್ತದ್ರಿ" ಎಂದು ಒಂದೇ ಒಂದು ಮಾತನ್ನು ಹೇಳಿದನು. ಕಬ್ಬಿಣದ ಬೀರುವಿಗೆ ಉಸಿರೆಲ್ಲಿಯದು ಎಂದು ನಾವೆಲ್ಲರೂ ನಕ್ಕೆವು. ಠರಾವಿಗೆ ನಾನೂ ರುಜು ಮಾಡಿದೆ.

ಅಂದಿನ ರಾತ್ರಿ ನಿದ್ರೆ ಬರಲಿಲ್ಲ. ನನ್ನ ಅಕ್ಕನ ಮಗನು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಇಂತಹ ನೂರಾರು ರ‍್ಯಾಕುಗಳಿರುವ ಒಂದೆಡೆ ಉದ್ಯೋಗದಲ್ಲಿದ್ದಾನೆ. ಮರುದಿನ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವನು ಗಾಜಿನ ಬಾಗಿಲು, ಗೋಡೆಯ ಗೂಡು, ಗವುಸು ಇವುಗಳನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ, "ಮಾಮಾ, ಇನ್ನೊಂದು ಎ.ಸಿ. ತರೂಕಿಂತ ಮೊದಲ ಒಮ್ಮೆ ಇಲ್ಲಿಗೆ ಬಂದು ನೋಡಿ ಹೋಗ್ರಿ" ಎಂದನು.

ರಾತ್ರಿಯ ರೈಲು ರಾಯಚೂರನ್ನು ಬಿಟ್ಟಾಗ ಡಬ್ಬಿಯ ಕಬ್ಬಿಣವೆಲ್ಲವೂ ಇನ್ನೂ ಬೆಚ್ಚಗಿತ್ತು. ತುಂಗಭದ್ರೆಯ ಸೇತುವೆಯ ಮೇಲೆ ಗಾಡಿ ಸಾಗುವಾಗ ಬೆಳುದಿಂಗಳಲ್ಲಿ ನೀರಿಗಿಂತ ಮರಳೇ ಹೆಚ್ಚಾಗಿ ಕಂಡಿತು. ಗುಂತಕಲ್ಲಿನಲ್ಲಿ ಚಹಾ ಮಾರುವವರ ಕೂಗು ಕೇಳಿಸಿದ್ದು ನೆನಪಿದೆ. ಅನಂತಪುರ ಯಾವಾಗ ಹೋಯಿತೋ ತಿಳಿಯದು. ಕಣ್ಣು ಬಿಟ್ಟಾಗ ಹಿಂದೂಪುರವನ್ನು ದಾಟಿದ್ದೆವು. ಬಂಡೆಗುಡ್ಡಗಳ ನಡುವೆ ಮಂದವಾದ ಗಾಳಿ ಬೀಸುತ್ತಿತ್ತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿಗಳ ಮೇಲಿದೆಯೆಂಬುದು ಭೂಗೋಳ ಪುಸ್ತಕದ ಮಾತು. ನಮ್ಮ ಕಡೆಯವನಿಗೆ ಮಾತ್ರ ಅದು ಗೌರಿಬಿದನೂರಿನ ಹತ್ತಿರ ಚರ್ಮಕ್ಕೇ ತಿಳಿಯುತ್ತದೆ.

ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ರೈಲನ್ನು ಹತ್ತಿದೆ. 2023ರ ಅಕ್ಟೋಬರಿನಿಂದ ಈ ಮಾರ್ಗವು ಕಾಡುಗೋಡಿಯವರೆಗೆ ಎಡೆಬಿಡದೆ ಓಡುತ್ತಿದೆ. ಊರಿನ ನಡುವೆ ನೆಲದೊಳಗೆ ನುಗ್ಗಿ, ಮುಂದೆ ಮನೆಗಳ ಮಹಡಿಗಳ ಮಟ್ಟದಲ್ಲಿ ಮೇಲಿನಿಂದ ಸಾಗುವುದರಿಂದ ಪರಸ್ಥಳದವನಿಗೆ ಊರನ್ನು ನೋಡಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ವೈಟ್‌ಫೀಲ್ಡ್ ಎಂಬುದು 1880ರ ದಶಕದಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯಕ್ಕೆಂದು ನೆಲಸಿದ ಹಳ್ಳಿ. ಆ ಕಾಲದ ಹೆಂಚಿನ ಮನೆಗಳಲ್ಲಿ ಕೆಲವು ಉಳಿದಿವೆಯೆಂದು ಅಳಿಯನು ಹೇಳಿದನು. ನನಗೆ ಕಂಡುದು ಗಾಜಿನ ಗೋಪುರಗಳೂ ಗಾಡಿಗಳ ಸಾಲೂ ಮಾತ್ರ.

ಅವನು ಕೆಲಸ ಮಾಡುವ ಕಟ್ಟಡಕ್ಕೆ ಕಿಟಕಿಗಳೇ ಇಲ್ಲವೆನ್ನಬೇಕು. ಮೊದಲೇ ಅನುಮತಿಯನ್ನು ಪಡೆದಿದ್ದರೂ ಗುರುತಿನ ಚೀಟಿಯನ್ನು ತೋರಿಸಿ, ಪುಸ್ತಕದಲ್ಲಿ ರುಜು ಮಾಡಿ, ಫೋನನ್ನು ಕಾವಲುಗಾರನ ಬಳಿ ಬಿಟ್ಟು, ಎರಡು ಬಾಗಿಲುಗಳನ್ನು ದಾಟಿ ಒಳಗೆ ಹೋದೆವು. ಒಳಗೆ ಕಾಲಿಟ್ಟೊಡನೆ ಕಿವಿಯನ್ನು ತುಂಬಿದುದು ಸದ್ದು. ಆ ಸದ್ದೆಲ್ಲವೂ ಗಾಳಿಯದು. ಪ್ರತಿಯೊಂದು ಸರ್ವರಿನೊಳಗೂ ಅಂಗೈಗಿಂತ ಚಿಕ್ಕವಾದ ಐದಾರು ಪಂಖಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತವೆ. ಅಂತಹ ಸರ್ವರುಗಳು ಸಾವಿರಾರು.

ಅಳಿಯನು ನನ್ನನ್ನು ರ‍್ಯಾಕುಗಳ ಎರಡು ಸಾಲುಗಳ ನಡುವೆ ನಿಲ್ಲಿಸಿದನು. ನೆಲದ ಹಾಸುಗಳಲ್ಲಿ ಜಾಲರಿಯಂತೆ ತೂತುಗಳಿದ್ದವು. ಅವುಗಳಿಂದ ತಂಪುಗಾಳಿಯು ಮೇಲಕ್ಕೇಳುತ್ತಿತ್ತು. ನಾವು ಕಾಣುವ ನೆಲವು ನಿಜವಾದ ನೆಲವಲ್ಲ. ಅದರ ಕೆಳಗೆ ಎರಡಡಿ ಟೊಳ್ಳು ಇದ್ದು, ಗೋಡೆಯ ಬಳಿಯಿರುವ ದೊಡ್ಡ ಶೀತಯಂತ್ರಗಳು ತಂಪುಗಾಳಿಯನ್ನು ಅದರೊಳಗೆ ಒತ್ತಿ ತುಂಬುತ್ತವೆ. "ಇದು ತಂಪು ಓಣಿ. ಎರಡೂ ಸಾಲಿನ ಯಂತ್ರಗಳ ಮಾರಿ ಈ ಕಡೆಗೇ ಅದಾವ ನೋಡ್ರಿ" ಎಂದನು. ಬಳಿಕ ಸುತ್ತುಹಾಕಿ ಸಾಲಿನ ಹಿಂಬದಿಗೆ ಕರೆದೊಯ್ದನು. ಅಲ್ಲಿ ಬೇರೆಯ ಊರೇ! ಕ್ಷಣಮಾತ್ರದಲ್ಲಿ ನಮ್ಮ ರಾಯಚೂರಿನ ಮಧ್ಯಾಹ್ನಕ್ಕೆ ಬಂದಂತಾಯಿತು. ಎರಡು ಸಾಲುಗಳ ಬೆನ್ನುಗಳೂ ಎದುರುಬದುರಾಗಿದ್ದು, ಒಳಗಿನ ಬಿಸಿಯನ್ನು ಆ ಓಣಿಗೆ ಉಗುಳುತ್ತಿದ್ದವು. ಅಲ್ಲಿಂದ ಅದು ಮೇಲೆದ್ದು ಶೀತಯಂತ್ರದ ನೆತ್ತಿಗೆ ಮರಳಿ ಹೋಗುವುದು.

ಮೊದಲು ಎಲ್ಲ ಸಾಲುಗಳನ್ನೂ ಶಾಲೆಯ ಬೆಂಚುಗಳಂತೆ ಒಂದೇ ಮುಖವಾಗಿ ಇಡುತ್ತಿದ್ದರಂತೆ. ಮುಂದಿನ ಸಾಲು ಉಗುಳಿದ ಬಿಸಿಯನ್ನು ಹಿಂದಿನ ಸಾಲು ಸೇವಿಸುವುದು. ಕಡೆಯ ಸಾಲಿನ ಪಾಡು ಹೇಳತೀರದು. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ ಓಣಿಗಳನ್ನು ವಿಂಗಡಿಸುವ ಈ ಸರಳವಾದ ಉಪಾಯವನ್ನು 1992ರ ಸುಮಾರಿಗೆ ಐ.ಬಿ.ಎಂ. ಕಂಪನಿಯಲ್ಲಿದ್ದ ರಾಬರ್ಟ್ ಸಲಿವನ್ ಎಂಬವರು ಸೂಚಿಸಿದರೆಂದು ಪ್ರಸಿದ್ಧಿ. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಯಂತ್ರಕ್ಕೇ ಸುಮಾರು 18,000 ನಿರ್ವಾತ ನಳಿಗೆಗಳೂ 150 ಕಿಲೋವಾಟ್ ವಿದ್ಯುತ್ತೂ ಬೇಕಾಗಿ, ಅದನ್ನು ತಣ್ಣಗಿಡಲು ದೊಡ್ಡ ಗಾಳಿಯಂತ್ರಗಳನ್ನು ಹೂಡಿದ್ದರು. ಅಂದಿನಿಂದ ಈ ಓಣಿಗಳವರೆಗೆ ಬರಲು ನಾಲ್ಕು ದಶಕಗಳಿಗಿಂತ ಹೆಚ್ಚು ಹಿಡಿಯಿತಲ್ಲಾ ಎಂದು ನನಗೆ ಆಶ್ಚರ್ಯವಾಯಿತು. ನಮ್ಮ ಗೂಡಿನ ನೆನಪಾಗಿ ಆಶ್ಚರ್ಯವು ಬೇಗನೆ ಅಡಗಿತು.

ಊಟದ ಹೊತ್ತಿಗೆ ಹೊರಗೆ ಬಂದು ಕ್ಯಾಂಟೀನಿನಲ್ಲಿ ಕುಳಿತಾಗ ಅಳಿಯನು ಲೆಕ್ಕವನ್ನು ಹೇಳಿದನು. ಅದು ಅಡಿಗೆಮನೆಯ ಲೆಕ್ಕದಷ್ಟೇ ಸುಲಭ. ಆದುದರಿಂದ ಇಲ್ಲಿ ಕೊಡುತ್ತೇನೆ. ಯಂತ್ರವು ಎಷ್ಟು ವಿದ್ಯುತ್ತನ್ನು ಕುಡಿಯುವುದೋ ಅಷ್ಟೂ ಕಡೆಗೆ ಬಿಸಿಯಾಗಿ ಹೊರಬರುತ್ತದೆ. ಲೆಕ್ಕವನ್ನು ಮಾಡಿದರೂ ಅಷ್ಟೇ, ಸುಮ್ಮನೆ ಉರಿದರೂ ಅಷ್ಟೇ. ಐದು ಕಿಲೋವಾಟ್ ಕುಡಿಯುವ ರ‍್ಯಾಕೆಂದರೆ ನೀರು ಕಾಯಿಸುವ ಒಂದೊಂದು ಕಿಲೋವಾಟಿನ ಐದು ಕಾಯಿಲುಗಳನ್ನು ಒಂದು ಬೀರುವಿನೊಳಗೆ ಹಗಲಿರುಳೂ ಉರಿಸಿದಂತೆ. ಒಳಗೆ ಬಂದ ಗಾಳಿಯು ಸುಮಾರು 11 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಟು ಈ ಶಾಖವನ್ನೆಲ್ಲ ಹೊತ್ತೊಯ್ಯಬೇಕಾದರೆ ನಿಮಿಷಕ್ಕೆ ಹೆಚ್ಚುಕಡಿಮೆ 800 ಘನ ಅಡಿ ಗಾಳಿ ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರದ ಒಂದು ಕೋಣೆಯಲ್ಲಿ ಹಿಡಿಸುವುದು ಅಷ್ಟೇ ಗಾಳಿ. ಪ್ರತಿ ನಿಮಿಷವೂ ಒಂದು ಕೋಣೆಯ ಗಾಳಿಯು ಆ ಬೀರುವನ್ನು ಹಾದುಹೋಗತಕ್ಕದ್ದು! ಇನ್ನೊಂದು ವಿನೋದವುಂಟು. ಬೆಂಗಳೂರಿನ ಗಾಳಿ ತಂಪಾದರೂ ತೆಳು. ಎತ್ತರದ ದೆಸೆಯಿಂದ ಅದೇ ಶಾಖವನ್ನು ಹೊರಲು ಇಲ್ಲಿ ಕಡಲತೀರದಲ್ಲಿ ಬೇಕಾದುದಕ್ಕಿಂತ ನೂರಕ್ಕೆ ಸುಮಾರು ಹತ್ತು ಪಾಲು ಹೆಚ್ಚು ಗಾಳಿ ಬೇಕಂತೆ. ನಮ್ಮ ರಾಯಚೂರಿನ ಗಾಳಿಯು ಆ ಮಟ್ಟಿಗಾದರೂ ಹೆಚ್ಚು ಗಟ್ಟಿಯೆಂದು ನಾನು ಸಮಾಧಾನಪಟ್ಟುಕೊಂಡೆ.

ಊಟದ ಮೇಲೆ ಹಳೆಯ ಸಭಾಂಗಣವೊಂದಕ್ಕೆ ಹೋದೆವು. ಅಳಿಯನು ಜೇಬಿನಿಂದ ತೆಳುವಾದ ಒಂದು ಕಾಗದದ ಪಟ್ಟಿಯನ್ನು ತೆಗೆದನು. ಹೊಗೆಯನ್ನು ಬಿಟ್ಟು ಗಾಳಿಯ ದಾರಿಯನ್ನು ನೋಡಬಹುದಾಗಿತ್ತು. ಆದರೆ ಅಲ್ಲಿ ಊದಿನಕಡ್ಡಿಯೊಂದು ಹೊತ್ತಿದರೆ ಬೆಂಕಿಯ ಗಂಟೆಗಳೆಲ್ಲ ಬಾರಿಸುವುವು. ರ‍್ಯಾಕಿನ ಎತ್ತರವನ್ನು ಒಂದೂಮುಕ್ಕಾಲು ಅಂಗುಲದ 42 ಅಂತಸ್ತುಗಳಾಗಿ ಭಾಗಿಸಿರುತ್ತಾರೆ. ಅಗಲ 19 ಅಂಗುಲ. ಈ ಅಳತೆಯು ಹಳೆಯ ಟೆಲಿಫೋನು ಕಚೇರಿಗಳ ಚೌಕಟ್ಟುಗಳಿಂದ ಬಂದುದು. ಎಲ್ಲ ಅಂತಸ್ತುಗಳಲ್ಲಿಯೂ ಯಂತ್ರಗಳಿರಬೇಕೆಂಬುದಿಲ್ಲ. ಖಾಲಿಯಿರುವ ಅಂತಸ್ತಿಗೆ ಮುಂದುಗಡೆ ಒಂದು ಬರಿಯ ತಗಡನ್ನೋ ಪ್ಲಾಸ್ಟಿಕ್ ಹಲಗೆಯನ್ನೋ ಸಿಕ್ಕಿಸುತ್ತಾರೆ. ನಾನು ಅದನ್ನು ಅಲಂಕಾರವೆಂದು ತಿಳಿದಿದ್ದೆ. ಅಳಿಯನು ಎದೆಯ ಮಟ್ಟಕ್ಕಿಂತ ಮೇಲಿದ್ದ ಅಂತಹ ಒಂದು ಹಲಗೆಯನ್ನು ಕಿತ್ತು ಆ ಸಂದಿಯ ಮುಂದೆ ಕಾಗದವನ್ನು ಹಿಡಿದನು. ಪಕ್ಕದ ಯಂತ್ರದ ಮುಂದೆ ಒಳಕ್ಕೆ ಅಂಟಿಕೊಳ್ಳುತ್ತಿದ್ದ ಅದೇ ಕಾಗದವು ಇಲ್ಲಿ ನಮ್ಮ ಕಡೆಗೆ ಹಾರಿತು! ಕೈಯೊಡ್ಡಿದೆ, ಬೆಚ್ಚಗಿನ ಗಾಳಿ. ಬೆನ್ನಿನ ಬಿಸಿಯು ಸಂದಿಯಿಂದ ಮುಂದಕ್ಕೆ ನುಸುಳಿ, ಮೇಲಿನ ಯಂತ್ರದ ಮೂಗಿಗೆ ಮತ್ತೆ ಸೇರುತ್ತಿತ್ತು. ಉಸಿರನ್ನೇ ಮತ್ತೆ ಉಸಿರಾಡಿದಂತೆ. ಅಳಿಯನು ಹಲಗೆಯನ್ನು ತಿರುಗಿ ಸಿಕ್ಕಿಸಿದನು; ಕಾಗದವು ನೆಟ್ಟಗೆ ಇಳಿಬಿದ್ದಿತು. ನಾನು ಮಕ್ಕಳಂತೆ ಮೂರು ಸಲ ಆ ಹಲಗೆಯನ್ನು ತೆಗೆಸಿ ನೋಡಿದೆ.

ಕಾಗದದ ಪಟ್ಟಿಯನ್ನು ಹಿಡಿದುಕೊಂಡು ಮತ್ತೆ ಕೆಲವೆಡೆ ಅಡ್ಡಾಡಿದೆವು. ತಂತಿಗಳು ನೆಲದಿಂದ ಮೇಲಕ್ಕೆ ಬರುವ ತೂತಿನ ಬಾಯಿಗೆ ಬ್ರಶ್ಶಿನ ಕೂದಲಿನಂತಹ ಅಂಚನ್ನು ಕೂಡಿಸಿದ್ದಾರೆ. ಇಲ್ಲವಾದರೆ ದುಡ್ಡು ಕೊಟ್ಟು ತಣ್ಣಗೆ ಮಾಡಿದ ಗಾಳಿಯು ಬಿಸಿ ಓಣಿಗೇ ಸೋರಿ, ಯಾವ ಯಂತ್ರವನ್ನೂ ಮುಟ್ಟದೆ ಮರಳುವುದು. ಒಂದು ರ‍್ಯಾಕಿನಲ್ಲಿ ತಂತಿ ಜೋಡಿಸುವ ಅನುಕೂಲಕ್ಕಾಗಿ ಸ್ವಿಚ್ ಎಂಬ ಪೆಟ್ಟಿಗೆಯ ಮುಖವನ್ನು ಹಿಂದಕ್ಕೆ ಮಾಡಿದ್ದರು. ಪಾಪ, ಅದು ಬಿಸಿ ಓಣಿಯ ಗಾಳಿಯನ್ನೇ ಸೇದುತ್ತಿತ್ತು. ಹಿಂದಿನಿಂದ ಮುಂದಕ್ಕೆ ಗಾಳಿ ಓಡುವ ಜಾತಿಯವೂ ಇವೆಯಂತೆ. ಪಂಖದ ಹಿಡಿಯ ಬಣ್ಣದಿಂದ ದಿಕ್ಕನ್ನು ಗುರುತಿಸುವರು. ಎಲ್ಲಕ್ಕಿಂತ ವಿಚಿತ್ರವೆನಿಸಿದುದು ಶೀತಯಂತ್ರದ ಕಾಲ ಬುಡದಲ್ಲಿದ್ದ ತೂತಿನ ಹಾಸು. ಅಲ್ಲಿ ಗಾಳಿ ರಭಸವಾಗಿ ಏಳಬಹುದೆಂದು ನಾನು ಎಣಿಸಿದ್ದೆ. ಕಾಗದವು ಅಲುಗಲೇ ಇಲ್ಲ. ನೆಲದಡಿಯಲ್ಲಿ ಗಾಳಿಯು ಅಷ್ಟು ವೇಗವಾಗಿ ಮುಂದೋಡುವುದರಿಂದ ಅಲ್ಲಿ ಒತ್ತಡವೇ ಇರುವುದಿಲ್ಲವಂತೆ. ದೇವಸ್ಥಾನದ ಪಕ್ಕದ ಮನೆಯವರಿಗೆ ಪ್ರಸಾದ ಸಿಕ್ಕದಿರುವುದುಂಟಷ್ಟೆ.

"ಹಾಗಾದರೆ ಕೋಣೆಯನ್ನು 16 ಡಿಗ್ರಿಗೆ ಇಳಿಸಿಬಿಟ್ಟರಾಯಿತಲ್ಲಾ?" ಎಂದು ಕೇಳಿದೆ. ಅವನು ನಕ್ಕನು. ಕೋಣೆಯ ತಂಪನ್ನು ಯಾರು ಕೇಳಿದರು? ಯಂತ್ರದ ಮೂಗಿನ ಬಳಿ ಗಾಳಿ ಎಷ್ಟು ಬಿಸಿಯಾಗಿದೆಯೆಂಬುದೇ ಮುಖ್ಯ. ಆಶ್ರೇ ಎಂಬ ಅಮೆರಿಕದ ಶೀತತಂತ್ರಜ್ಞರ ಸಂಘವು 2008ರಿಂದ ಆ ಸ್ಥಳದಲ್ಲಿ 18ರಿಂದ 27 ಡಿಗ್ರಿಯವರೆಗೆ ಇರಬಹುದೆಂದು ಹೇಳುತ್ತ ಬಂದಿದೆ. ಅದಕ್ಕಿಂತ ತಣ್ಣಗೆ ಮಾಡುವುದು ವಿದ್ಯುತ್ತಿನ ಬಿಲ್ಲಿಗೆ ಅಭಿಷೇಕ. ಹೊಸ ಸಭಾಂಗಣದಲ್ಲಿ ಬಿಸಿ ಓಣಿಗೆ ಬಾಗಿಲನ್ನೂ ಮಾಡನ್ನೂ ಕೂಡಿಸಿ ಮುಚ್ಚಿಬಿಟ್ಟಿದ್ದರು; ಎರಡು ಗಾಳಿಗಳು ಬೆರೆಯುವ ಪ್ರಸಂಗವೇ ಇಲ್ಲ. ಒಂದು ಮೂಲೆಯಲ್ಲಿ ಕೊಳವೆಗಳಿಂದ ದ್ರವವನ್ನು ಯಂತ್ರದ ಹೊಟ್ಟೆಯವರೆಗೆ ಒಯ್ಯುವ ರ‍್ಯಾಕುಗಳೂ ಇದ್ದುವು. ಒಂದೊಂದು ರ‍್ಯಾಕು ಹತ್ತಾರು ಕಿಲೋವಾಟ್ ಕುಡಿಯತೊಡಗಿದಾಗ ಗಾಳಿಯಿಂದ ಸಾಗದು. ಆ ವಿಷಯವು ನಮ್ಮ ಊರಿಗೆ ಬರಲು ಇನ್ನೂ ಕಾಲವಿದೆ, ಇಲ್ಲಿಗೆ ಬಿಡುತ್ತೇನೆ.

ಹೊರಡುವ ಮುನ್ನ ಅಳಿಯನು ಹಾಳೆಯ ಮೇಲೆ ನಮ್ಮ ಬೀರುವಿನ ಚಿತ್ರವನ್ನು ಬರೆದು ತೋರಿಸಿದನು. ಎ.ಸಿ.ಯ ತಂಪು ನೇರವಾಗಿ ಬಂದು ಗವುಸಿಗೂ ಗಾಜಿಗೂ ಬಡಿದು ನೆಲಕ್ಕೆ ಬೀಳುತ್ತದೆ. ಕೋಣೆ ತಣ್ಣಗಾಯಿತೆಂದು ತಿಳಿದು ಎ.ಸಿ.ಯು ವಿಶ್ರಮಿಸುತ್ತದೆ. ಗಾಜಿನೊಳಗೆ ಯಂತ್ರವು ಹೊಸ ಗಾಳಿಯಿಲ್ಲದೆ ತನ್ನ ಬೆನ್ನಿನ ಬಿಸಿಯನ್ನೇ ಮುಂದಕ್ಕೆಳೆದು ಸೇವಿಸುತ್ತದೆ. ಹಿಂದೆ ಗೋಡೆ, ಹೋಗಲು ದಾರಿಯಿಲ್ಲ. ಕಡೆಗೆ ಸುಟ್ಟುಹೋಗುವುದಕ್ಕಿಂತ ನಿಲ್ಲುವುದೇ ಲೇಸೆಂದು ತಾನೇ ಆರಿಹೋಗುತ್ತದೆ. ಹಾಗೆ ಆರುವಂತೆ ಅದನ್ನು ಮಾಡಿರುವುದರಿಂದಲೇ ನಮ್ಮ ಲೆಕ್ಕವು ಉಳಿದಿತ್ತು. "ಇನ್ನೊಂದು ಎ.ಸಿ. ಹಾಕಿದ್ರೂ ಗಾಜಿಗೇ ತಂಪಾಗ್ತಿತ್ತು ಮಾಮಾ. ಆ ಹುಡುಗ ಖರೇನ ಹೇಳ್ಯಾನ" ಎಂದನು. ನಾನು ಉತ್ತರ ಕೊಡಲಿಲ್ಲ.

ಊರಿಗೆ ಬಂದ ದಿನವೇ ಹುಡುಗನನ್ನು ಕರೆಸಿದೆ. ಮೊದಲು ಬಾಗಿಲೊಳಗೆ ಉಷ್ಣಮಾಪಕವನ್ನಿಟ್ಟು ಮಧ್ಯಾಹ್ನ ಎರಡು ಗಂಟೆಗೆ ನೋಡಿದೆವು: 46 ಡಿಗ್ರಿ. ಕೋಣೆಯಲ್ಲಿ ಮಾತ್ರ 25. ಗವುಸನ್ನು ತೆಗೆದೆವು. ನಾಲ್ವರು ಸೇರಿ ಬೀರುವನ್ನು ಗೂಡಿನಿಂದ ಹೊರಗೆಳೆದು, ಹಿಂದೆ ಒಬ್ಬ ಮನುಷ್ಯನು ನಡೆಯುವಷ್ಟು ಜಾಗವನ್ನು ಬಿಟ್ಟೆವು. ಗಾಜಿನ ಬಾಗಿಲನ್ನು ಕಳಚಿ, ಊರಿನ ಕಮ್ಮಾರನಿಂದ ತೂತಿನ ತಗಡಿನ ಬಾಗಿಲನ್ನು ಮಾಡಿಸಿದೆವು, ಬೀಗವೂ ಉಳಿಯಿತು. ಖಾಲಿ ಅಂತಸ್ತುಗಳಿಗೆ ಹಲಗೆಗಳನ್ನು ಹುಡುಗನೇ ಕೊಯ್ದು ಸಿಕ್ಕಿಸಿದನು. ಬೆನ್ನಿಗೆ ಜಡೆಯಂತೆ ಇಳಿಬಿದ್ದಿದ್ದ ತಂತಿಗಳನ್ನು ಪಕ್ಕಕ್ಕೆ ಕಟ್ಟಿದನು. ಬ್ಯಾಟರಿಗಳನ್ನು ಬೀರುವಿನಿಂದ ಹೊರಗೆ ತಂಪಾದ ಮೂಲೆಗಿಟ್ಟೆವು. ಸೀಸದ ಬ್ಯಾಟರಿಯ ಆಯುಸ್ಸು ಪ್ರತಿ ಹತ್ತು ಡಿಗ್ರಿ ಹೆಚ್ಚಿದಂತೆ ಸುಮಾರು ಅರ್ಧಕ್ಕಿಳಿಯುವುದಂತೆ. ಮರುದಿನ ಅದೇ ಹೊತ್ತಿಗೆ ಯಂತ್ರದ ಮೂಗಿನ ಬಳಿ 27 ಡಿಗ್ರಿ ಇತ್ತು. ಖರ್ಚೆಲ್ಲ ಸೇರಿ ನನ್ನ ರೈಲಿನ ಟಿಕೇಟಿಗಿಂತ ಸ್ವಲ್ಪ ಹೆಚ್ಚು.

ಒಂದು ತೊಡಕು ಮಾತ್ರ ಪೂರ್ತಿ ಬಗೆಹರಿಯಲಿಲ್ಲ. ಕರೆಂಟು ಹೋದಾಗ ಬ್ಯಾಟರಿಯಿಂದ ಯಂತ್ರವು ನಡೆಯುತ್ತದೆ, ಎ.ಸಿ.ಯು ನಿಲ್ಲುತ್ತದೆ, ಒಲೆ ಉರಿಯುತ್ತಿರುವಾಗ ಬೆಳಕಿಂಡಿಯನ್ನು ಮುಚ್ಚಿದಂತಾಗುವುದು. ಮೇ ತಿಂಗಳಲ್ಲಿ ಎರಡು ಸಲ ಹಾಗಾಯಿತು. ಹುಡುಗನು ಕೋಣೆಯ ಬಾಗಿಲನ್ನು ತೆರೆದು, ಇನ್ವರ್ಟರಿನಿಂದ ನಡೆಯುವ ಮೇಜಿನ ಪಂಖವನ್ನಿಟ್ಟು, ಉಷ್ಣಮಾಪಕವನ್ನು ನೋಡುತ್ತ ಕುಳಿತಿದ್ದು, 35 ಡಿಗ್ರಿ ಮುಟ್ಟಿದೊಡನೆ ತಾನೇ ಯಂತ್ರಗಳನ್ನು ಕ್ರಮವಾಗಿ ಆರಿಸಿದನು. ಜನರಿಗೆ ಅರ್ಧ ಗಂಟೆ ತಡವಾಯಿತು. ಯಾರೂ ಬರಿಗೈಯಲ್ಲಿ ಹಿಂದಿರುಗಲಿಲ್ಲ.

ಮುಂದಿನ ಸಭೆಯಲ್ಲಿ ಠರಾವನ್ನು ರದ್ದುಪಡಿಸಬೇಕೆಂದು ನಾನೇ ಎದ್ದು ಹೇಳಿದೆ. ಗೂಡಿನಲ್ಲಿರಿಸಲು ಹೇಳಿದವನು ನಾನು, ಗವುಸು ನನ್ನದು ಎಂಬುದನ್ನೂ ಹೇಳಿದೆ. ಅಧ್ಯಕ್ಷರು ಅಷ್ಟೆಲ್ಲವನ್ನು ಬರೆಯುವುದು ಬೇಡವೆಂದರು. ಬರೆಯಲೇಬೇಕೆಂದು ನಾನು ಹಟ ಹಿಡಿದೆ. ತಡೆಹಿಡಿದ ಸಂಬಳವನ್ನು ಕೊಟ್ಟರು. ಹುಡುಗನು ಎಣಿಸಿ ಜೇಬಿಗಿಟ್ಟುಕೊಂಡು, "ಬಾಗಿಲಿನ ತೂತು ಇನ್ನಷ್ಟು ದೊಡ್ಡವು ಇದ್ರ ಛಲೋ ಇರ್ತಿತ್ತ್ರಿ" ಎಂದು ಹೇಳಿ ತನ್ನ ಕೆಲಸಕ್ಕೆ ಹೋದನು.

ಗವುಸನ್ನು ಮನೆಗೆ ತಂದೆ. ಈಗ ಅದು ನಮ್ಮಾಕೆಯ ಹೊಲಿಗೆಯ ಯಂತ್ರದ ಮೇಲಿದೆ.